ಏಳು ನಿಮಿಷದ ಕತ್ತಲೆ

ಲಾಸ್ ಏಂಜಲಿಸ್‌ನ ಒಂದು ಗಾಜಿನ ಮನೆಯ ಕಪ್ಪು-ಬಿಳುಪು ಫೋಟೋವನ್ನು ನೀವು ಎಲ್ಲೋ ಒಂದು ಕಡೆ ನೋಡಿಯೇ ಇರುತ್ತೀರಿ. ಗುಡ್ಡದ ಅಂಚಿನಿಂದ ಗಾಳಿಗೆ ಚಾಚಿಕೊಂಡ ಕೋಣೆ, ಒಳಗೆ ತಿಳಿಬಣ್ಣದ ಉಡುಪಿನಲ್ಲಿ ಮಾತಾಡುತ್ತಾ ಕೂತ ಇಬ್ಬರು ಯುವತಿಯರು, ಕೆಳಗೆ ಇಡೀ ಊರಿನ ದೀಪಗಳು. 1960ರ ಮೇ ತಿಂಗಳಲ್ಲಿ ಅದನ್ನು ತೆಗೆದವರು ಜೂಲಿಯಸ್ ಶುಲ್ಮನ್. ಮನೆಯ ಹೆಸರು ‘ಕೇಸ್ ಸ್ಟಡಿ ಹೌಸ್ 22’, ವಿನ್ಯಾಸ ಪಿಯರ್ ಕೋನಿಗ್ ಅವರದು.

ನೋಡಿದರೆ ಯಾರದೋ ನೆಮ್ಮದಿಯ ಸಂಜೆ ಅನ್ನಿಸುತ್ತೆ, ಅಲ್ವಾ? ಆದರೆ ಆ ಹೊತ್ತಿಗೆ ಮನೆಯ ಕೆಲಸವೇ ಪೂರ್ತಿ ಮುಗಿದಿರಲಿಲ್ಲ. ಕುರ್ಚಿ-ಮೇಜುಗಳನ್ನು ಫೋಟೋಗೋಸ್ಕರವೇ ತಂದಿಟ್ಟದ್ದು. ಆ ಯುವತಿಯರೂ ಮನೆಯವರಲ್ಲ. ಅವತ್ತು ಅಲ್ಲಿಗೆ ಬಂದಿದ್ದ ವಾಸ್ತುಶಿಲ್ಪದ ವಿದ್ಯಾರ್ಥಿಗಳ ಗೆಳತಿಯರು.

ತೆಗೆದ ರೀತಿ ಇನ್ನೂ ಸ್ವಾರಸ್ಯವಾಗಿದೆ. ಒಳಗಿನ ಬೆಳಕಿಗೆ ಕ್ಯಾಮೆರಾ ಹೊಂದಿಸಿದರೆ ಹೊರಗಿನ ಊರು ಕಪ್ಪಾಗಿಬಿಡುತ್ತದೆ. ಊರಿನ ದೀಪಗಳಿಗೆ ಹೊಂದಿಸಿದರೆ ಕೋಣೆ ಬೆಳ್ಳಗೆ ಸುಟ್ಟಹಾಗೆ ಕಾಣುತ್ತದೆ. ಶುಲ್ಮನ್ ಮನೆಯ ದೀಪಗಳನ್ನೆಲ್ಲ ಆರಿಸಿದರು. ಗೋಲದೀಪಗಳ ಒಳಗಿದ್ದ ಬಲ್ಬ್ ತೆಗೆದು ಫ್ಲ್ಯಾಶ್ ಬಲ್ಬ್ ಹಾಕಿಸಿದ್ದರು. ಯುವತಿಯರು ಕತ್ತಲಲ್ಲಿ ಕೂತೇ ಇದ್ದರು. ಸುಮಾರು ಏಳು ನಿಮಿಷ ಶಟರ್ ತೆರೆದಿಟ್ಟು ಊರಿನ ಬೆಳಕನ್ನು ಫಿಲ್ಮ್ ಮೇಲೆ ಇಳಿಸಿಕೊಂಡು, ಕೊನೆಗೆ ಒಂದೇ ಕ್ಷಣ ಫ್ಲ್ಯಾಶ್ ಹೊಡೆದರು. ಅಂದರೆ ನೀವು ನೋಡುತ್ತಿರುವ ಒಂದು ಸಂಜೆಯಲ್ಲಿ ಎರಡು ಕಾಲಗಳಿವೆ: ಊರಿನದು ಏಳು ನಿಮಿಷ, ಕೋಣೆಯದು ಕಣ್ಣು ಮಿಟುಕಿಸುವಷ್ಟು. ಇವತ್ತು ಫೋನು ನಾಲ್ಕಾರು ಎಕ್ಸ್‌ಪೋಷರ್ ಸೇರಿಸಿ ಮಾಡೋ ಕೆಲಸವನ್ನು ಅವರು ಒಂದೇ ಹಾಳೆ ಫಿಲ್ಮ್ ಮೇಲೆ ಮಾಡಿದ್ದು.

ಇದು ಅವರಿಗೆ ಹೊಸದೂ ಅಲ್ಲ. 1947ರಲ್ಲಿ ಪಾಮ್ ಸ್ಪ್ರಿಂಗ್ಸ್‌ನ ಕಾಫ್‌ಮನ್ ಮನೆಯನ್ನು ಮುಸ್ಸಂಜೆಯಲ್ಲಿ ತೆಗೆಯುವಾಗ, ಈಜುಕೊಳದ ದೀಪ ಲೆನ್ಸಿಗೆ ರಾಚುತ್ತಿತ್ತು. ಮನೆಯೊಡತಿಯನ್ನೇ ಕೊಳದ ಪಕ್ಕ ಮಲಗಿಸಿ ಆ ಬೆಳಕನ್ನು ಮರೆಮಾಡಿದರು! ತೋಟ ಇಲ್ಲದ ಹೊಸ ಮನೆ ಆದರೆ ಕಡಿದ ಕೊಂಬೆಗಳನ್ನು ಲೆನ್ಸಿನ ಮುಂದೆ ಹಿಡಿಸುತ್ತಿದ್ದರು. ಆ ಮನೆಯ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಅವರಿಗೂ ಇವರಿಗೂ ಕೋಣೆಯ ವಿಷಯದಲ್ಲಿ ಜಗ್ಗಾಟ ಇದ್ದೇ ಇತ್ತು. ಫೋಟೋಗೆ ಮುಂಚೆ ಸಾಮಾನು ಹೊರಗೆ ಹಾಕಿಸೋರು ನ್ಯೂಟ್ರಾ, ವಾಪಸ್ ತಂದಿಡೋರು ಶುಲ್ಮನ್. ನನ್ನ ಮತ ಶುಲ್ಮನ್ ಕಡೆಗೆ. ಖಾಲಿ ಕೋಣೆ ವಾಸ್ತುಶಿಲ್ಪಿಗೆ ಚೆಂದ ಇರಬಹುದು. ಕೂರೋಕೆ ಜಾಗ ಎಲ್ಲಿ ಅಂತ ಉಳಿದವರು ಹುಡುಕುತ್ತೇವೆ.

ನಾನು ಡೇಟಾ ಜೊತೆ ಕೆಲಸ ಮಾಡುವವನು. ಒಂದು ಟೇಬಲ್ ಕೈಗೆ ಬಂದರೆ ಯಾವ ಸಾಲುಗಳನ್ನು ಬಿಟ್ಟಿದ್ದಾರೆ ಅಂತ ನೋಡೋದು ಅಭ್ಯಾಸ. ಈ ಫೋಟೋದಲ್ಲಿ ಬಿಟ್ಟುಹೋದವರು ಮನೆಯ ಮಾಲೀಕರಾದ ಸ್ಟಾಲ್ ದಂಪತಿ. 1954ರಲ್ಲಿ 13,500 ಡಾಲರ್‌ಗೆ ಆ ಕಡಿದಾದ ಜಾಗ ಕೊಂಡರು. ಬಕ್ ಸ್ಟಾಲ್ ರಜಾದಿನಗಳಲ್ಲಿ ಕಟ್ಟಡ ಕೆಲಸದ ಕಡೆಗಳಿಂದ ಒಡೆದ ಕಾಂಕ್ರೀಟ್ ತುಂಡುಗಳನ್ನು ಹೊತ್ತು ತಂದು ಗುಡ್ಡದ ಅಂಚನ್ನು ಕಟ್ಟಿಕೊಂಡರು. ಮೂರು ಮಕ್ಕಳನ್ನು ಅಲ್ಲೇ ಬೆಳೆಸಿದರು. ಜಗತ್ತು ನೆನಪಿಟ್ಟಿರೋದು ಮಾತ್ರ ಒಂದು ಸಂಜೆ ಬಂದು ಹೋದವರನ್ನು.

ಇನ್ನೂ ಒಂದು ಮಾತು. ಜಾನ್ ಎಂಟೆನ್ಜಾ ಅವರ ‘ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್’ ಪತ್ರಿಕೆ 1945ರಲ್ಲಿ ಈ ಕೇಸ್ ಸ್ಟಡಿ ಯೋಜನೆ ಶುರುಮಾಡಿದ್ದು ಯುದ್ಧ ಮುಗಿದ ಮೇಲೆ ಸಾಮಾನ್ಯ ಕುಟುಂಬಗಳಿಗೆ ಎಟುಕುವಂಥ ಮನೆಗಳ ಮಾದರಿ ತೋರಿಸೋಕೆ. ಅಂಥ ಮನೆಗಳು ಸಾವಿರಗಟ್ಟಲೆ ಏಳಲಿಲ್ಲ. ಫೋಟೋಗಳು ಮಾತ್ರ ಎಲ್ಲ ಕಡೆ ಹರಡಿದವು.

ನಿಮಗೆ ಇದೆಲ್ಲ ದೂರದ ಕಥೆ ಅನ್ನಿಸಿದರೆ, ಇಲ್ಲಿ ಮನೆ ಮಾರಿದ ಯಾರನ್ನಾದರೂ ಕೇಳಿ. ಫೋಟೋಗ್ರಾಫರ್ ಬರುವ ಮುಂಚೆ ಏಜೆಂಟ್ ಒಂದು ಪಟ್ಟಿ ಕೊಡುತ್ತಾರೆ: ಫ್ರಿಜ್ ಮೇಲಿನ ಮಕ್ಕಳ ಚಿತ್ರ ತೆಗೀರಿ, ಕುಟುಂಬದ ಫೋಟೋ ತೆಗೀರಿ, ಅಡುಗೆಕಟ್ಟೆ ಖಾಲಿ ಮಾಡಿ, ದೇವರ ಪಟಗಳನ್ನು ಒಳಗಿಡಿ. ಕೊಳ್ಳುವವರು ತಮ್ಮನ್ನೇ ಅಲ್ಲಿ ಕಲ್ಪಿಸಿಕೊಳ್ಳಬೇಕಂತೆ. ಲೆಕ್ಕ ಸರಿ. ಆದರೆ ನಿಮ್ಮಮ್ಮ ಇಪ್ಪತ್ತು ವರ್ಷ ದೀಪ ಹಚ್ಚಿದ ಮೂಲೆಯಲ್ಲಿ ಒಂದು ಬಿಳಿ ಆರ್ಕಿಡ್ ಕುಂಡ ಕೂತಿರುತ್ತೆ. ಮನೆಯ ಕೊನೆಯ ದಾಖಲೆ ಅಂತ ಇಂಟರ್ನೆಟ್ಟಿನಲ್ಲಿ ಉಳಿಯೋದು ಅದೇ. ಹಾಗಾಗಿ ಒಂದು ಸಲಹೆ: ಪಟ್ಟಿ ಕೈಗೆ ಬರುವ ಮುಂಚೆ, ಪಾತ್ರೆ ತೊಳೆಯದ ಸಿಂಕ್ ಸಮೇತ, ನೀವೇ ಒಂದಿಷ್ಟು ಫೋಟೋ ತೆಗೆದಿಡಿ.

ಈಗ ಕುಂಡವನ್ನೂ ತರಬೇಕಾಗಿಲ್ಲ, ಸೋಫಾವನ್ನು ಸಾಫ್ಟ್‌ವೇರೇ ಹಾಕಿಕೊಡುತ್ತೆ. ಶುಲ್ಮನ್ ಬದುಕು ಕಟ್ಟಿಕೊಂಡ ಕ್ಯಾಲಿಫೋರ್ನಿಯಾದಲ್ಲೇ 2026ರ ಜನವರಿ 1ರಿಂದ ಒಂದು ಕಾನೂನು ಜಾರಿಯಲ್ಲಿದೆ: ಮನೆ ಮಾರಾಟದ ಜಾಹೀರಾತು ಚಿತ್ರದಲ್ಲಿ ಪೀಠೋಪಕರಣ, ಗೋಡೆಬಣ್ಣ, ಗಿಡಮರಗಳನ್ನು ಡಿಜಿಟಲ್ ಆಗಿ ಸೇರಿಸಿದರೆ ಅಥವಾ ತೆಗೆದರೆ ಹಾಗಂತ ಹೇಳಬೇಕು, ಮೂಲ ಚಿತ್ರವನ್ನೂ ತೋರಿಸಬೇಕು. ಬೆಳಕು, ಬಣ್ಣ, ಕೋನ ಸರಿಪಡಿಸಿದರೆ ಹೇಳಬೇಕಾಗಿಲ್ಲ. ಹೊತ್ತು ತಂದಿಟ್ಟ ಕುರ್ಚಿಗೂ, ಲೆನ್ಸಿನ ಮುಂದೆ ಕೈಯಲ್ಲಿ ಹಿಡಿದ ಕೊಂಬೆಗೂ ಈ ನಿಯಮ ಅನ್ವಯಿಸುವುದಿಲ್ಲ.