ಭಾರ ಹಾಕುವುದು

‘ದೇವರ ಮೇಲೆ ಭಾರ ಹಾಕಿ.’ ಈ ಮಾತು ಕಿವಿಗೆ ಬೀಳುವುದು ಹೆಚ್ಚಾಗಿ ಆಸ್ಪತ್ರೆಯ ವರಾಂಡದಲ್ಲಿ, ಸಾವಿನ ಮನೆಯ ಜಗುಲಿಯಲ್ಲಿ, ಇದ್ದ ಕೆಲಸ ಕಳೆದುಕೊಂಡವರ ಎದುರಿನಲ್ಲಿ. ಬದುಕು ನಮ್ಮನ್ನು ಕೇಳದೆ ದಿಕ್ಕು ಬದಲಿಸಿದಾಗ ಕನ್ನಡಿಗರ ಬಾಯಿಗೆ ಮೊದಲು ಬರುವ ಸಮಾಧಾನ ಇದೇ. ಇದಕ್ಕೆ ಜಾತಿ, ಮತಗಳ ಬೇಲಿಯೂ ಇಲ್ಲ. ಚರ್ಚಿನಲ್ಲಿ ಓದುವ 55ನೆಯ ಕೀರ್ತನೆಯಲ್ಲಿಯೂ ದೇವರ ಮೇಲೆ ಭಾರ ಹಾಕೆಂಬ ಕರೆಯಿದೆ.

‘ಭಾರ’ ಹುಟ್ಟಿದ್ದು ಸಂಸ್ಕೃತದ ‘ಭೃ’ ಧಾತುವಿನಿಂದ. ಹೊರುವುದು, ಪೋಷಿಸುವುದು ಎರಡೂ ಅದರ ಅರ್ಥ. ‘ಭರಣ’, ‘ಭರ್ತೃ’ಗಳೂ ಅದೇ ಮನೆಯವು. ನಮ್ಮ ‘ಹೊರೆ’ಯಲ್ಲಿಯೂ ಎರಡು ಅರ್ಥಗಳು ಒಟ್ಟಿಗಿವೆ. ತಲೆಯ ಮೇಲಿನ ಸೌದೆ ಹೊರೆ, ಹೊಟ್ಟೆ ಹೊರೆಯುವುದೂ ಹೊರೆಯೇ. ಹೊರುವವನು ಪೊರೆಯುವವನೂ ಹೌದೆಂಬ ತಿಳಿವಳಿಕೆ ಭಾಷೆಯೊಳಗೇ ಬೇರೂರಿದೆ.

ಈ ಪದಕ್ಕೆ ನಾವು ಎಷ್ಟೊಂದು ಕೆಲಸ ಕೊಟ್ಟಿದ್ದೇವೆ! ಕಚೇರಿಯಲ್ಲಿ ಕಾರ್ಯಭಾರ, ದೇವಸ್ಥಾನದಲ್ಲಿ ತುಲಾಭಾರ, ಅತ್ತು ಮುಗಿದ ಮೇಲೂ ಇಳಿಯದ ಎದೆಭಾರ. ‘ನಾನು ಮಕ್ಕಳಿಗೆ ಭಾರವಾದೆನೇನೋ’ ಎನ್ನುವ ವೃದ್ಧರ ಬಾಯಲ್ಲಿ ಅದು ಕರುಳು ಹಿಂಡುತ್ತದೆ.

‘ಹಾಕು’ ಸೇರಿದಾಗ ಅರ್ಥ ತಿರುಗುತ್ತದೆ. ಮುರಿದ ಕಾಲು ಕೂಡುತ್ತಿರುವಾಗ ವೈದ್ಯರು ‘ಆ ಕಾಲಿನ ಮೇಲೆ ಭಾರ ಹಾಕಬೇಡಿ’ ಎನ್ನುತ್ತಾರೆ. ಕೆಲವು ವಾರಗಳಾದ ಮೇಲೆ ‘ಇನ್ನು ಸ್ವಲ್ಪ ಸ್ವಲ್ಪ ಭಾರ ಹಾಕಿ’ ಎಂದು ಅವರೇ ಹೇಳುತ್ತಾರೆ. ಭಾರ ಹಾಕುವುದೆಂದರೆ ಬಿಸಾಡುವುದಲ್ಲ, ತಡೆದೀತೆಂದು ನಂಬಿ ಊರುವುದು. ಮಲಗಿದವನಿಗೆ ಅದರ ಅಗತ್ಯವಿಲ್ಲ, ನಡೆಯಹೊರಟವನಿಗೆ ಬೇಕು. ದೇವರ ಮೇಲೆ ಹಾಕುವ ಭಾರವೂ ಹೀಗೆಯೇ ಎಂದು ನಾನು ನಂಬುತ್ತೇನೆ.

ಶ್ರೀವೈಷ್ಣವರು ಈ ಮಾತನ್ನು ಒಂದು ಸಿದ್ಧಾಂತವಾಗಿಯೇ ಬೆಳೆಸಿದ್ದಾರೆ. ಅವರ ಶರಣಾಗತಿಯ ಇನ್ನೊಂದು ಹೆಸರು ‘ಭರನ್ಯಾಸ’, ಭಾರವನ್ನು ಇಡುವುದು. ಅದನ್ನು ವಿಸ್ತಾರವಾಗಿ ನಿರೂಪಿಸಿದ ವೇದಾಂತ ದೇಶಿಕರ ಬದುಕಿಗೆ ಕರ್ನಾಟಕದ ನಂಟಿದೆ. 14ನೆಯ ಶತಮಾನದಲ್ಲಿ ದೆಹಲಿ ಸುಲ್ತಾನರ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ ಅವರು ಊರು ಬಿಡಬೇಕಾಯಿತು. ಶ್ರೀವೈಷ್ಣವರ ಪ್ರಮುಖ ಗ್ರಂಥ ‘ಶ್ರೀಭಾಷ್ಯ’ದ ಮಹಾವ್ಯಾಖ್ಯಾನವಾದ ‘ಶ್ರುತಪ್ರಕಾಶಿಕಾ’ದ ಓಲೆಗರಿಗಳನ್ನೂ ಅದರ ಕರ್ತೃ ಸುದರ್ಶನಸೂರಿಗಳ ಇಬ್ಬರು ಎಳೆಯ ಮಕ್ಕಳನ್ನೂ ಅವರು ಕಾಪಾಡಿ ತಂದರೆಂದು ಸಂಪ್ರದಾಯ ಹೇಳುತ್ತದೆ. ನೆಲೆ ನಿಂತದ್ದು ಕೊಳ್ಳೇಗಾಲದ ಬಳಿಯ ಸತ್ತೇಗಾಲದಲ್ಲಿ. ಭಯವಿಲ್ಲದಿರಲೆಂದು ರಂಗನಾಥನನ್ನು ಬೇಡುವ ‘ಅಭೀತಿಸ್ತವ’ವನ್ನು ಅವರು ರಚಿಸಿದ್ದೂ ಅಲ್ಲಿಯೇ ಎನ್ನುತ್ತಾರೆ.

ಭಾರವನ್ನೆಲ್ಲ ಭಗವಂತನಲ್ಲಿಡು ಎಂದು ಬೋಧಿಸಿದವರು ಆ ಸಂಕಟದಲ್ಲಿ ಕೈ ಖಾಲಿ ಮಾಡಿಕೊಂಡು ನಡೆಯಲಿಲ್ಲ. ಗ್ರಂಥವನ್ನು ಹೊತ್ತರು, ಪರರ ಮಕ್ಕಳನ್ನು ಹೊತ್ತರು, ಹೊಸ ಊರಿನಲ್ಲಿ ಪಾಠ ಮುಂದುವರಿಸಿದರು. ಅವರ ಸಿದ್ಧಾಂತವೂ ಅದನ್ನೇ ಹೇಳುತ್ತದೆ. ಭರನ್ಯಾಸದಲ್ಲಿ ಒಪ್ಪಿಸುವುದು ತನ್ನನ್ನು ತಾನೇ ಕಾಪಾಡಿಕೊಳ್ಳಬೇಕೆಂಬ ಹೊಣೆಯನ್ನು. ನಿತ್ಯದ ಕರ್ತವ್ಯಗಳು ಆಮೇಲೂ ಇರುತ್ತವೆ. ಅವು ಭಗವಂತನ ಸೇವೆಯಾಗಿ, ಕೈಂಕರ್ಯವಾಗಿ ಬದಲಾಗುತ್ತವೆ, ಅಷ್ಟೆ.

ಬೇಡದ ಬದಲಾವಣೆ ಬಂದಾಗ ನಮ್ಮನ್ನು ಕುಗ್ಗಿಸುವುದು ಇಂದಿನ ಕೆಲಸಕ್ಕಿಂತ ನಾಳೆಯ ಲೆಕ್ಕ. ಮಾತ್ರೆ ಕೊಡುವುದು, ಗಂಜಿ ಕಾಯಿಸುವುದು, ಹೊಸ ಕೆಲಸಕ್ಕೆ ಅರ್ಜಿ ಹಾಕುವುದು ನಮ್ಮ ಕೈಯಲ್ಲಿವೆ. ರೋಗ ವಾಸಿಯಾದೀತೇ, ಕೆಲಸ ಸಿಕ್ಕೀತೇ ಎಂಬುದು ನಮ್ಮ ಕೈಯಲ್ಲಿಲ್ಲ. ಇಳಿಸಬೇಕಾದ ಭಾರ ಆ ಎರಡನೆಯದು. ಅದನ್ನು ಇಳಿಸಿದವರಿಗೆ ಮೊದಲನೆಯದನ್ನು ಹೊರಲು ಬಲ ಬರುತ್ತದೆ. ಹಾಗೆಂದು ದುಃಖ ಮಾಯವಾಗುವುದಿಲ್ಲ, ಅಳುವವರ ನಂಬಿಕೆ ಕಡಿಮೆಯದೂ ಅಲ್ಲ.

ಆದ್ದರಿಂದ ಈ ಮಾತನ್ನು ಅಗ್ಗ ಮಾಡಬಾರದು. ಏನು ಹೇಳಲೂ ತೋಚದಾಗ, ಬೇಗ ಎದ್ದು ಹೊರಡಬೇಕಾದಾಗ ಅದನ್ನು ಹೇಳಿ ಮುಗಿಸುವುದುಂಟು. ಕೇಳಿದವರಿಗೆ ಆಗ ಭಾರ ಇನ್ನಷ್ಟು ಹೆಚ್ಚುತ್ತದೆ. ನೊಂದವರಿಗೆ ‘ದೇವರ ಮೇಲೆ ಭಾರ ಹಾಕಿ’ ಎನ್ನುವ ಮುಂಚೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಅವರ ಬದಲು ನೀವು ಕೂತಿರಿ, ಮಕ್ಕಳಿಗೆ ಒಂದು ಹೊತ್ತಿನ ಊಟ ಕೊಡಿ. ಆಮೇಲೆ ಹೇಳಿ, ಆಗ ಅವರು ನಂಬುತ್ತಾರೆ.