ಜಾಬ್ ಕಾರ್ಡಿನಲ್ಲಿ ಇಲ್ಲದ ಗಂಟೆಗಳು

ವಾರಕ್ಕೊಮ್ಮೆ ಟೈಮ್‌ಶೀಟ್ ತುಂಬೋ ಸಾಫ್ಟ್‌ವೇರ್ ಮಂದಿಗೆ ಇದು ಹೊಸತೇನಲ್ಲ: ಆಫೀಸಿನಲ್ಲಿ ಕೂತ ಗಂಟೆ ಬೇರೆ, ಕೆಲಸ ಮಾಡಿದ ಗಂಟೆ ಬೇರೆ, ಗಿರಾಕಿಗೆ ಬಿಲ್ ಮಾಡಿದ ಗಂಟೆ ಇನ್ನೂ ಬೇರೆ. ಈ ಮೂರರ ಜಗಳ ಶುರುವಾಗಿದ್ದು ಮಾತ್ರ ಕಂಪ್ಯೂಟರಿನಿಂದಲ್ಲ, ಲೇತ್ ಮತ್ತು ಸ್ಪ್ಯಾನರಿನ ಲೋಕದಿಂದ.

1880ರ ದಶಕದಲ್ಲಿ ಅಮೆರಿಕದ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಅನ್ನೋ ಇಂಜಿನಿಯರ್ ಕೆಲಸವನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಎಷ್ಟು ಹೊತ್ತು ಬೇಕು ಅಂತ ಅಳೆಯಲು ಹೊರಟ. 1911ರ ಆಗಸ್ಟ್‌ನಲ್ಲಿ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಗಾರದಲ್ಲಿ ಅಚ್ಚು ಎರೆಯುವವರ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತರು ನೋಡಿ, ಅವರೆಲ್ಲ ಕೆಲಸ ಬಿಟ್ಟು ಹೊರನಡೆದರು! ಆಮೇಲೆ ವಿಚಾರಣೆ ನಡೆದು, 1915ರಲ್ಲಿ ಅಲ್ಲಿನ ಸಂಸತ್ತು ಸೇನೆಯ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಬಳಕೆಗೆ ಹಣ ಕೊಡೋದನ್ನೇ ನಿಲ್ಲಿಸಿತು. ಈ ನಿಷೇಧ 1949ರವರೆಗೂ ಇತ್ತು.

ನಮ್ಮ ಭದ್ರಾವತಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಉರಿಸಿದ್ದು ಮಲೆನಾಡಿನ ಕಾಡಿನ ಇದ್ದಿಲು. ಅದೇ ವರ್ಷ ಅಧ್ಯಕ್ಷರಾಗಿ ಬಂದವರು ಗಡಿಯಾರಕ್ಕೇ ಹೆಸರಾದ ವಿಶ್ವೇಶ್ವರಯ್ಯನವರು. ಊದುಕುಲುಮೆ ರಾತ್ರಿ ಅಂತ ಆರಿಸೋ ಒಲೆ ಅಲ್ಲವಲ್ಲ, ಹಾಗಾಗಿ ಪಾಳಿ ಬೇಕೇ ಬೇಕು. ಪಾಳಿ ಬಂದ ಮೇಲೆ ಹಾಜರಿ ಪುಸ್ತಕವೂ ಬರುತ್ತೆ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಓವರ್‌ಟೈಮಿಗೆ ಎರಡು ಪಟ್ಟು ಕೂಲಿ ಅಂತು. ಆ ಕಾಯ್ದೆಯ ಪ್ರಕಾರ ರಿಪೇರಿಯೂ ಉತ್ಪಾದನೆಯೇ. ಅಂದರೆ ಅಚ್ಚೆರೆದವನಷ್ಟೇ ಅಲ್ಲ, ಕೆಟ್ಟ ಪಂಪ್ ಬಿಚ್ಚಿದ ಫಿಟ್ಟರನ ದಿನವೂ ಲೆಕ್ಕಕ್ಕೆ ಬಂತು.

ಆದರೆ ಅದೇ ಕಾಯ್ದೆ ಕಾರ್ಖಾನೆ ಅಂತ ಕರೆದದ್ದು ವಿದ್ಯುತ್ ಬಳಸಿದರೆ 10 ಜನ, ಇಲ್ಲದಿದ್ದರೆ 20 ಜನ ದುಡಿಯುವ ಜಾಗವನ್ನು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ ಅದನ್ನು 20 ಮತ್ತು 40ಕ್ಕೆ ಏರಿಸಿತು. ಭದ್ರಾವತಿಯಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಬನ್ನಿ. ಒಬ್ಬ ಮೇಸ್ತ್ರಿ, ಇಬ್ಬರು ಹುಡುಗರು ಇರೋ ಶೆಡ್ಡು ಈ ಎರಡು ಲೆಕ್ಕಕ್ಕೂ ಸಿಗೋದಿಲ್ಲ.

ಇಲ್ಲಿ ದರ ಗಂಟೆಗಲ್ಲ, ಕೆಲಸಕ್ಕೆ. ಕ್ಲಚ್ ಪ್ಲೇಟಿಗೆ ಇಷ್ಟು, ಹೆಡ್ ಬಿಚ್ಚಿದರೆ ಇಷ್ಟು. ಕಂಪನಿ ಸರ್ವೀಸ್ ಸೆಂಟರ್‌ಗಳಲ್ಲೂ ಒಂದೊಂದು ಕೆಲಸಕ್ಕೆ ನಿಗದಿಯಾದ ಗಂಟೆಗಳ ಪಟ್ಟಿ ಇರುತ್ತೆ. ಮೂರು ಗಂಟೆಯ ಕೆಲಸ ಎರಡರಲ್ಲಿ ಮುಗಿದರೂ ಬಿಲ್ ಮೂರಕ್ಕೇ. ಅಮೆರಿಕದಲ್ಲಿ ಎಷ್ಟೋ ಕಡೆ ಮೆಕ್ಯಾನಿಕ್‌ನ ಸಂಬಳವೂ ಅದೇ ಪಟ್ಟಿಯ ಮೇಲೆ ನಿಂತಿದೆ. ಚುರುಕಾದವನಿಗೆ ಲಾಭ, ತುಕ್ಕು ಹಿಡಿದ ಬೋಲ್ಟ್ ಸಿಕ್ಕವನಿಗೆ ಗ್ರಹಚಾರ.

ಈ ತುಕ್ಕು ಹಿಡಿದ ಬೋಲ್ಟೇ ನನ್ನ ತಕರಾರು. ಟೇಲರ್ ಅಳೆದದ್ದು ದಿನಕ್ಕೆ ನೂರು ಸಲ ಮಾಡೋ ಒಂದೇ ಕೆಲಸವನ್ನು. ರಿಪೇರಿ ಹಾಗಲ್ಲ. ನಮ್ಮಲ್ಲಿ ಬಗ್ ಹುಡುಕೋಕೆ ಎರಡು ದಿನ, ಸರಿಮಾಡೋಕೆ ಒಂದು ಸಾಲು ಆಗುತ್ತಲ್ಲ, ಹಾಗೇ. ಸದ್ದು ಎಲ್ಲಿಂದ ಬರ್ತಿದೆ ಅಂತ ಕಿವಿಗೊಟ್ಟು ನಿಂತ ಅರ್ಧ ಗಂಟೆ ಯಾವ ಬಿಲ್ಲಿನಲ್ಲೂ ಇರಲ್ಲ. ಬೆಂಗಳೂರಿನಿಂದ ಪಾರ್ಟ್ ಬರೋವರೆಗೆ ಗಾಡಿ ನಿಲ್ಲೋದೂ ಅಷ್ಟೇ.

ಹಾಗಂತ ಗಂಟೆ ಬರೆಯೋದೇ ತಪ್ಪು ಅನ್ನಲಾರೆ. ಮೇಸ್ತ್ರಿಗೆ ಕೆಲಸದ ದುಡ್ಡು ಸಿಗುತ್ತೆ, ಹುಡುಗನಿಗೆ ದಿನದ ಬಾಟ. ರಾತ್ರಿ ಒಂಬತ್ತರವರೆಗೆ ಗೇರ್‌ಬಾಕ್ಸ್ ತೊಳೆದದ್ದು ಎಲ್ಲೂ ದಾಖಲಾಗಲ್ಲ. ವಾಟರ್‌ಟೌನ್‌ನವರು ಬೇಡ ಅಂದದ್ದು ಯಜಮಾನ ಹಿಡಿದ ಗಡಿಯಾರವನ್ನು. ಆ ಹುಡುಗನ ಕೈಯಲ್ಲೇ ಒಂದು ಚೀಟಿ ಇದ್ದು, ಬಂದದ್ದು, ಹೋದದ್ದು, ಯಾವ ಗಾಡಿಗೆ ಎಷ್ಟು ಹೊತ್ತು ಅಂತ ಅವನೇ ಬರೆದುಕೊಂಡರೆ ಸಂಬಳ ಕೇಳೋವಾಗ ಅವನ ಮಾತಿಗೊಂದು ಆಧಾರ ಇರುತ್ತಿತ್ತು.

ನಿಮ್ಮೂರಿನ ಗ್ಯಾರೇಜಿನಲ್ಲಿ ಯಾರಾದರೂ ಹೀಗೆ ಬರೆದಿಡೋದು ನೋಡಿದ್ದೀರಾ? ನೋಡಿದ್ದರೆ ತಿಳಿಸಿ.