ಮುದ್ರಣದ ಸರದಿ ಮತ್ತು ನಂಬಿಕೆಯ ಪ್ರಶ್ನೆ

ಹಲವು ಕಂಪ್ಯೂಟರುಗಳಿಂದ ಬರುವ ಕಡತಗಳನ್ನು ಸರದಿಯಲ್ಲಿರಿಸಿ ಒಂದೇ ಮುದ್ರಕಕ್ಕೆ ಒಪ್ಪಿಸುವ ಪ್ರಿಂಟ್ ಸರ್ವರ್ ಇಂದು ವ್ಯಾಪಾರಸಂಸ್ಥೆಗಳ ಸಾಮಾನ್ಯ ಸಾಧನವಾದರೂ ಅದು ಹುಟ್ಟಿದ್ದು ಪ್ರಯೋಗಶಾಲೆಯಲ್ಲಿ. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನ ಕೇಂದ್ರವನ್ನು 1971ರಲ್ಲಿ ಸೇರಿದ ಗ್ಯಾರಿ ಸ್ಟಾರ್ಕ್‌ವೆದರನು ಅಲ್ಲಿ ಲೇಸರ್ ಮುದ್ರಕವನ್ನು ರೂಪಿಸಿದನು. ಮೇಜಿಗೊಂದರಂತೆ ಇಡಲಾಗದಷ್ಟು ದುಬಾರಿಯಾದ ಆ ಯಂತ್ರವನ್ನು, 1973ರಲ್ಲಿ ಕಲ್ಪಿತವಾದ ಈಥರ್‌ನೆಟ್ ಜಾಲದ ಮೂಲಕ ಸಹೋದ್ಯೋಗಿಗಳು ಹಂಚಿಕೊಂಡರು. ಅವರೆಲ್ಲರೂ ಪರಸ್ಪರ ಪರಿಚಿತರೆಂಬುದನ್ನು ಮರೆಯಲಾಗದು.

ಬರ್ಕ್ಲಿ ಯುನಿಕ್ಸ್‌ನೊಡನೆ ಹರಡಿದ ಮುದ್ರಣಪದ್ಧತಿಯನ್ನು 1990ರ ಆರ್‌ಎಫ್‌ಸಿ 1179 ವಿವರಿಸಿತು. ಸರ್ವರು 515ನೆಯ ಪೋರ್ಟಿನಲ್ಲಿ ಕಾದಿರುತ್ತದೆ. ಬೇಡಿಕೆಯು 721ರಿಂದ 731ರವರೆಗಿನ ಪೋರ್ಟುಗಳಿಂದಲೇ ಹೊರಟಿರಬೇಕು. ಯುನಿಕ್ಸಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ತೆರೆಯುವ ಅಧಿಕಾರ ಮೇಲ್ವಿಚಾರಕನಿಗೆ ಮಾತ್ರ ಇದ್ದುದರಿಂದ, ಪೋರ್ಟಿನ ಸಂಖ್ಯೆಯೇ ಬಂದವನ ಯೋಗ್ಯತಾಪತ್ರವಾಯಿತು. ಗುರುತಿನವರ ಮನೆಗೆ ಇದು ಸಾಕು. ಯಾರಾದರೂ ತಮ್ಮದೇ ಯಂತ್ರವನ್ನು ತಂದು ಜಾಲಕ್ಕೆ ಸೇರಿಸಬಹುದಾದ ಕಚೇರಿಗೆ ಸಾಲದು. 1999ರಲ್ಲಿ ಪ್ರಕಟವಾದ ಐಪಿಪಿ ಪದ್ಧತಿ ಬಳಕೆದಾರನ ದೃಢೀಕರಣಕ್ಕೂ ಗೂಢಲಿಪಿಗೂ ಎಡೆಮಾಡಿತು.

ಆದರೂ ಹಳೆಯ ವಿಶ್ವಾಸ ಅಳಿಯಲಿಲ್ಲ. ಸರದಿಯನ್ನು ನೋಡಿಕೊಳ್ಳುವ ವಿಂಡೋಸಿನ ಸ್ಪೂಲರಿಗೆ ಇಡೀ ಯಂತ್ರದ ಮೇಲೆ ಪರಮಾಧಿಕಾರವಿತ್ತು. ಮುದ್ರಕದ ಡ್ರೈವರು ಎಂಬ ನೆಪದಲ್ಲಿ ಸಾಮಾನ್ಯ ಬಳಕೆದಾರನು ತನ್ನದೇ ಪ್ರೋಗ್ರಾಮನ್ನು ಅದಕ್ಕೆ ಒಪ್ಪಿಸಿ ಆ ಅಧಿಕಾರವನ್ನು ಪಡೆಯಬಹುದೆಂಬುದು 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಹೆಸರಿನಿಂದ ಬಯಲಾಯಿತು. ತಿದ್ದುಪಡಿ ದೊರೆಯುವವರೆಗೆ ಸ್ಪೂಲರನ್ನು ನಿಲ್ಲಿಸುವಂತೆ ಮೈಕ್ರೋಸಾಫ್ಟ್ ಸೂಚಿಸಿತು. ಎಂದರೆ ಮುದ್ರಣವನ್ನೇ ಬಿಡಬೇಕೆಂದಾಯಿತು! ಜುಲೈಯಲ್ಲಿ ತುರ್ತು ತಿದ್ದುಪಡಿಗಳು ಬಂದವು. ಮುದ್ರಕದ ಡ್ರೈವರುಗಳ ಸ್ಥಾಪನೆ ಆಡಳಿತಾಧಿಕಾರಿಗೆ ಮಾತ್ರ ಮೀಸಲಾದುದು ಆಗಸ್ಟಿನಲ್ಲಿ.